ಹುಲಿಯ ನಾಚಿಕೆ

ಮೇಷ್ಟರ ಕೆಲಸದಲ್ಲಿ ಅತ್ಯಂತ ನೀರಸವಾದದ್ದು ಉತ್ತರಪತ್ರಿಕೆಗಳನ್ನು ತಿದ್ದುವುದು ಎಂಬ ಮಾತನ್ನು ನನ್ನ ವೃತ್ತಿಬಾಂಧವರು ಯಾರೂ ಅಲ್ಲಗಳೆಯಲಾರರು. ಆದರೆ ಒಮ್ಮೊಮ್ಮೆ ಆ ಕಂತೆಯೊಳಗಿಂದಲೇ ಮೇಷ್ಟರಿಗೆ ಪಾಠ ಹೇಳುವ ಹಾಳೆಯೊಂದು ಹೊರಬೀಳುವುದೂ ಉಂಟು. ಈ ಲೇಖನಕ್ಕೆ ಅಂಥದೊಂದು ಹಾಳೆಯೇ ಕಾರಣ.

ಪದವಿ ತರಗತಿಯ ಮೊದಲ ವರ್ಷದವರಿಗೆ ‘ಗೋವಿನ ಹಾಡ’ನ್ನು ಪಾಠಮಾಡಿ ಮುಗಿಸಿ, ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಅದರಲ್ಲಿ ಐದು ಅಂಕದ ಒಂದು ಪ್ರಶ್ನೆ: ‘ಈ ಹಾಡಿನಲ್ಲಿ ಹಸು ಮತ್ತು ಹುಲಿ ಯಾವುದರ ಸಂಕೇತಗಳು?’ ಒಬ್ಬಳನ್ನು ಬಿಟ್ಟು ಇಡೀ ತರಗತಿ ಒಂದೇ ಉತ್ತರ ಬರೆದಿತ್ತು. ಹಸು ಸತ್ಯದ ಸಂಕೇತ. ಹುಲಿ ಕ್ರೌರ್ಯದ ಸಂಕೇತ. ಕೊನೆಗೆ ಕ್ರೌರ್ಯದ ಮೇಲೆ ಸತ್ಯಕ್ಕೆ ಜಯ. ವಾಕ್ಯಗಳೂ ಒಂದೇ, ವಾಕ್ಯಗಳ ಅನುಕ್ರಮವೂ ಒಂದೇ. ಯಾವುದೋ ಗೈಡಿನಿಂದ ಇಳಿಸಿದ್ದಾರೆಂದು ನನಗೆ ಸಿಟ್ಟು ಬಂತು. ಏಳೆಂಟು ಪತ್ರಿಕೆ ತಿದ್ದಿದ ಮೇಲೆ, ಆ ವಾಕ್ಯಗಳೆಲ್ಲ ನಾನೇ ತರಗತಿಯಲ್ಲಿ ಹೇಳಿ ಬರೆಸಿದ ಟಿಪ್ಪಣಿಯವು ಎಂದು ನೆನಪಾಯಿತು. ಸಿಟ್ಟು ಇಳಿಯಿತು, ಎಲ್ಲರಿಗೂ ನಾಲ್ಕು ನಾಲ್ಕು ಅಂಕ ಕೊಡುತ್ತ ಹೋದೆ.

ಉಳಿದ ಒಬ್ಬಳು ಮಾತ್ರ ಬೇರೆಯೇ ಬರೆದಿದ್ದಳು. ಹುಲಿ ಕ್ರೌರ್ಯದ ಸಂಕೇತವೆಂದು ಹೇಳಿಕೊಟ್ಟಿದ್ದಾರೆ. ಆದರೆ ಕ್ರೌರ್ಯಕ್ಕೆ ನಾಚಿಕೆಯಾಗುವುದು ಹೇಗೆ? ನಾಚಿಕೆಯಾಗಿ ಪ್ರಾಣ ಬಿಟ್ಟದ್ದು ಕ್ರೌರ್ಯವಾಗಿರಲಾರದು. ಆದ್ದರಿಂದ ಹುಲಿ ಬೇರೆ ಏನೋ ಇರಬೇಕು. ಏನೆಂದು ತನಗೆ ತಿಳಿಯಲಿಲ್ಲ — ಇಷ್ಟೇ ಅವಳ ಉತ್ತರ. ನಾನು ಕೆಂಪು ಮಸಿಯಲ್ಲಿ ‘ಪ್ರಶ್ನೆಗೆ ಉತ್ತರವಿಲ್ಲ’ ಎಂದು ಗೀಚಿ ಒಂದು ಅಂಕ ಹಾಕಿದೆ.

ಆ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗಲೂ ರಾತ್ರಿ ಊಟಕ್ಕೆ ಕುಳಿತಾಗಲೂ ಆ ಹುಡುಗಿಯ ಮಾತು ನನ್ನನ್ನು ಬಿಡಲಿಲ್ಲ. ಎಷ್ಟೋ ವರ್ಷಗಳಿಂದ ಈ ಹಾಡನ್ನು ಪಾಠ ಹೇಳುತ್ತ ಬಂದಿದ್ದೇನೆ. ಹುಲಿ ಏಕೆ ಸತ್ತಿತೆಂದು ಒಮ್ಮೆಯಾದರೂ ಕೇಳಿಕೊಂಡಿದ್ದೆನೆ? ಇಲ್ಲ. ಈಗ ಕೇಳಿಕೊಳ್ಳುತ್ತಿದ್ದೇನೆ. ಹುಡುಕುತ್ತ ಹೊರಟರೆ ಉತ್ತರ ಒಂದು ಹಾಡಿಗೆ ನಿಲ್ಲದೆ, ನಮ್ಮ ಕತೆಗಳಲ್ಲಿ ಬರುವ ಮೃಗಗಳೆಲ್ಲವನ್ನೂ ಹಾಯ್ದುಕೊಂಡು ಹೋಗುವಂತೆ ಕಾಣುತ್ತದೆ. ವಾಚಕರೂ ನನ್ನೊಡನೆ ಸ್ವಲ್ಪ ದೂರ ಬರಬೇಕು.

ಪ್ರಾಣಿಗಳಿಗೆ ಗುಣಗಳನ್ನು ಹಂಚಿಕೊಡುವ ಕೆಲಸವನ್ನು ನಾವು ಎಂದೋ ಮುಗಿಸಿಬಿಟ್ಟಿದ್ದೇವೆ. ಮೋಸಕ್ಕೆ ನರಿ, ದಡ್ಡತನಕ್ಕೆ ಕತ್ತೆ, ಜಡತನಕ್ಕೆ ಎಮ್ಮೆ, ಸೇಡಿಗೆ ಹಾವು, ಹುಸಿ ದುಃಖಕ್ಕೆ ಮೊಸಳೆ. ಇವೆಲ್ಲ ನಮ್ಮ ಗುಣಗಳೇ. ಖಾತೆ ಮಾತ್ರ ಪ್ರಾಣಿಗಳ ಹೆಸರಿನಲ್ಲಿದೆ. ‘ಗೋಮುಖವ್ಯಾಘ್ರ’ ಎಂಬ ಮಾತನ್ನೇ ನೋಡಿ. ಹಸುವಿನ ಮುಖ ತೊಟ್ಟ ಹುಲಿ ಯಾವ ಕಾಡಿನಲ್ಲಿದೆ? ಹುಲಿ ಹುಲಿಯ ಮುಖ ಹೊತ್ತೇ ಬರುತ್ತದೆ. ಬೆಳಗ್ಗೆ ಒಂದು, ಸಂಜೆಗೆ ಇನ್ನೊಂದು ಮುಖ ತೊಡುವ ಪ್ರಾಣಿ ಎಲ್ಲಿದೆಯೆಂದು ತಿಳಿಯಲು ಕಾಡಿಗೆ ಹೋಗಬೇಕಾಗಿಲ್ಲ, ಕನ್ನಡಿಯಿದ್ದರೆ ಸಾಕು.

‘ಮೃಗ’ ಎಂಬ ಶಬ್ದದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಸಂಸ್ಕೃತದಲ್ಲಿ ಅದರ ಧಾತುವಿಗೆ ಅರಸು, ಹುಡುಕು ಎಂಬ ಅರ್ಥ. ಮೃಗಯೆ ಎಂದರೆ ಬೇಟೆ. ಬೇಟೆಗಾರನು ಅರಸಿಕೊಂಡು ಹೋಗುವುದು ಮೃಗ. ಜಿಂಕೆಗೂ ಮೃಗವೆಂದೇ ಹೆಸರು. ಜಿಂಕೆಯಂತೆ ಕಣ್ಣುಳ್ಳವಳು ಮೃಗಾಕ್ಷಿ. ಇಂಥ ಮೆತ್ತನೆಯ ಶಬ್ದದಿಂದ ನಾವು ‘ಮೃಗೀಯ’ ಎಂಬುದನ್ನು ಪಡೆದು, ಅದಕ್ಕೆ ಕ್ರೂರ ಎಂಬ ಅರ್ಥವನ್ನು ಕೊಟ್ಟೆವು. ಓಡಿದ್ದರ ಹೆಸರು ಅಟ್ಟಿದವನ ಗುಣಕ್ಕೆ ಬಂದು ಕುಳಿತಿತು! ಎಲ್ಲಿಯಾದರೂ ಒಂದು ಘೋರ ಕೃತ್ಯ ನಡೆದರೆ ಮರುದಿನ ‘ಮೃಗೀಯ ವರ್ತನೆ’ ಎನ್ನುತ್ತೇವೆ. ಹಾಗೆಂದೊಡನೆ ಮಾಡಿದವನು ಮನುಷ್ಯವರ್ಗದಿಂದ ಹೊರಗಾಗುತ್ತಾನೆ. ಉಳಿದ ನಾವು ನಿಶ್ಚಿಂತೆಯಾಗಿ ಕಾಫಿ ಕುಡಿಯುತ್ತೇವೆ. ಆದರೆ ಯಾವ ಮೃಗವೂ ಊರಿಗೆ ಬೆಂಕಿಯಿಟ್ಟದ್ದನ್ನು ನಾನು ಕೇಳಿಲ್ಲ.

ಸಂಕೇತವೆಂಬುದು ಸಾಹಿತ್ಯಕ್ಕೆ ಬೇಡವೆಂದು ನಾನು ಹೇಳುತ್ತಿಲ್ಲ. ಧ್ವನಿಯಿಲ್ಲದೆ ಕಾವ್ಯವುಂಟೆ? ಆದರೆ ಧ್ವನಿಸುವುದು ಬೇರೆ, ಚೀಟಿ ಅಂಟಿಸುವುದು ಬೇರೆ. ಅಂಗಡಿಯ ಡಬ್ಬದ ಮೇಲೆ ‘ಸಕ್ಕರೆ’ ಎಂದು ಬರೆದಂತೆ ಹುಲಿಯ ಮೇಲೆ ‘ಕ್ರೌರ್ಯ’ ಎಂದು ಬರೆದುಬಿಟ್ಟರೆ, ಡಬ್ಬದ ಮುಚ್ಚಳ ತೆಗೆದು ನೋಡುವ ಶ್ರಮ ತಪ್ಪುತ್ತದೆ. ಒಳ್ಳೆಯ ಕತೆಯ ಲಕ್ಷಣವೆಂದರೆ, ಅದರೊಳಗಿನ ಪ್ರಾಣಿ ತನಗೆ ಅಂಟಿಸಿದ ಚೀಟಿಯನ್ನು ತಾನೇ ಕಿತ್ತುಹಾಕುತ್ತದೆ. ಹಾಗೆ ಅದು ಕಿತ್ತುಹಾಕಿದಾಗ ಮನುಷ್ಯನ ಸ್ವಭಾವ ಇದ್ದಂತೆ ಕಾಣಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಚೀಟಿಗಳಿಗೇ ಹೆಸರಾದ ಪಂಚತಂತ್ರವನ್ನು ಮೊದಲು ನೋಡೋಣ. ಕನ್ನಡದಲ್ಲಿ ಇದನ್ನು ಚಂಪುವಾಗಿ ಬರೆದವನು ದುರ್ಗಸಿಂಹ; ಕಾಲ ಸುಮಾರು 1031. ಎಲ್ಲರಿಗೂ ಪರಿಚಿತವಾದ ವಿಷ್ಣುಶರ್ಮನ ಪಾಠವನ್ನು ಬಿಟ್ಟು, ಅವನು ವಸುಭಾಗಭಟ್ಟನ ಪಾಠವನ್ನು ಹಿಡಿದದ್ದು ವಿದ್ವಾಂಸರ ಗಮನ ಸೆಳೆದ ಸಂಗತಿ. ನಮ್ಮ ವಿಷಯಕ್ಕೆ ಮುಖ್ಯವಾದ ಇನ್ನೊಂದು ಸಂಗತಿಯುಂಟು. ದುರ್ಗಸಿಂಹ ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅರಮನೆಯ ಪಿಸುಮಾತು ಎಂಥದೆಂಬುದು ಅವನಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಮೊದಲ ತಂತ್ರದ ಕತೆ ಎಲ್ಲರಿಗೂ ಗೊತ್ತು. ಪಿಂಗಳಕನೆಂಬ ಸಿಂಹ ಕಾಡಿನ ಅರಸು. ಅದು ಸಂಜೀವಕನೆಂಬ ಎತ್ತಿನ ಗುಟುರನ್ನು ಕೇಳಿ, ಏನೆಂದು ತಿಳಿಯದೆ ಹೆದರುತ್ತದೆ. ದಮನಕನೆಂಬ ನರಿ ನಡುವೆ ಬಂದು ಇಬ್ಬರಿಗೂ ಸ್ನೇಹ ಮಾಡಿಸುತ್ತದೆ. ತನ್ನ ಪ್ರಾಮುಖ್ಯ ಕಡಿಮೆಯಾಯಿತೆಂದು ಕಂಡಾಗ ಅದೇ ಸ್ನೇಹವನ್ನು ಚಾಡಿಯಿಂದ ಮುರಿಯುತ್ತದೆ. ಸಿಂಹ ಎತ್ತನ್ನು ಕೊಲ್ಲುತ್ತದೆ. ಈಗ ಚೀಟಿಗಳನ್ನು ಅಂಟಿಸಿ ನೋಡಿ. ಸಿಂಹ ಧೈರ್ಯದ ಸಂಕೇತವೆ? ಕಾಣದ ಪ್ರಾಣಿಯ ಸದ್ದಿಗೆ ಅದು ನಡುಗಿತು. ನರಿ ಮೋಸದ ಸಂಕೇತವೆ? ಹಾಗಾದರೆ ಕತೆಯಲ್ಲಿ ನರಿಗಳು ಎರಡೇಕೆ? ದಮನಕ ಹೂಡಿದ ಸಂಚಿನ ಪಕ್ಕದಲ್ಲೇ ಕರಟಕನ ಎಚ್ಚರಿಕೆಯೂ ಇದೆಯಲ್ಲ! ಎರಡಕ್ಕೂ ಒಂದೇ ಜಾತಿ, ಒಂದೇ ಕಾಡು, ಒಂದೇ ಹಸಿವು. ಬುದ್ಧಿ ಮಾತ್ರ ಬೇರೆ. ಎಂಟನೆಯ ಶತಮಾನದಲ್ಲಿ ಈ ಕತೆಗಳು ಅರಬ್ಬೀ ಭಾಷೆಗೆ ಹೋದಾಗ ಗ್ರಂಥಕ್ಕೆ ಬಂದ ಹೆಸರು ‘ಕಲೀಲ ವ ದಿಮ್ನ’. ಸಿಂಹದ ಹೆಸರಲ್ಲ, ಎತ್ತಿನ ಹೆಸರಲ್ಲ; ಈ ಇಬ್ಬರು ನರಿಗಳದೇ ಹೆಸರು. ಕತೆಯ ಜೀವ ಎಲ್ಲಿದೆಯೆಂಬುದನ್ನು ದೂರದ ಆ ಓದುಗರು ಸರಿಯಾಗಿಯೇ ಕಂಡುಕೊಂಡಿದ್ದರು.

ಮತ್ತೊಂದು ಸೂಕ್ಷ್ಮವಿದೆ. ಸಿಂಹ ಎತ್ತನ್ನು ಕೊಲ್ಲುವುದು ಸಹಜ. ಆದರೆ ಈ ಕತೆಯ ಸಿಂಹ ಕೊಂದದ್ದು ಹಸಿವಿನಿಂದಲ್ಲ, ಸಂಶಯದಿಂದ. ಹೊಟ್ಟೆಗಾಗಿ ಅಲ್ಲ, ಕಿವಿಗೆ ಬಿದ್ದ ಮಾತಿಗಾಗಿ. ಹಸಿವಿನಿಂದ ಕೊಂದಿದ್ದರೆ ಅದು ಸಿಂಹವಾಗಿಯೇ ಉಳಿಯುತ್ತಿತ್ತು. ಚಾಡಿ ನಂಬಿ ಸ್ನೇಹಿತನನ್ನು ಕೊಂದ ಕ್ಷಣದಲ್ಲಿ ಅದರ ಕೇಸರ ಕಳಚಿ ಕಿರೀಟ ಕಾಣಿಸುತ್ತದೆ. ಇಲ್ಲಿ ಕವಿ ಮನುಷ್ಯನಲ್ಲಿರುವ ಮೃಗವನ್ನು ತೋರಿಸುತ್ತಿಲ್ಲ. ಮೃಗದ ವೇಷದಲ್ಲಿ ಬಂದ ಮನುಷ್ಯನನ್ನು ತೋರಿಸುತ್ತಿದ್ದಾನೆ. ಅರಮನೆಯಲ್ಲಿ ಅನ್ನ ತಿನ್ನುವವನಿಗೆ ಈ ವೇಷ ಬೇಕಾಗಿತ್ತೆಂಬುದೂ ಅರ್ಥವಾಗುವ ಮಾತೇ.

ಆದರೂ ಪಂಚತಂತ್ರ ಲೋಕನೀತಿಯ ಗ್ರಂಥ. ಅದರ ಪ್ರಾಣಿಗಳು ಎಚ್ಚರವನ್ನು ಕಲಿಸುತ್ತವೆ, ಪಶ್ಚಾತ್ತಾಪವನ್ನು ಅಷ್ಟಾಗಿ ಕಲಿಸುವುದಿಲ್ಲ. ಪಶ್ಚಾತ್ತಾಪಕ್ಕೆ ನಾವು ಮತ್ತೆ ‘ಗೋವಿನ ಹಾಡಿ’ಗೇ ಬರಬೇಕು.

ಕಾಳಿಂಗನೆಂಬ ಗೊಲ್ಲನ ದೊಡ್ಡಿಯ ಹಸು ಪುಣ್ಯಕೋಟಿ. ಹಸಿದು ಕುಳಿತಿದ್ದ ಅರ್ಬುದನೆಂಬ ಹುಲಿ ಅದನ್ನು ಅಡ್ಡಗಟ್ಟುತ್ತದೆ. ಕರುವಿಗೆ ಮೊಲೆಯುಣಿಸಿ ಬರುತ್ತೇನೆಂದು ಹಸು ಕೇಳಿಕೊಳ್ಳುತ್ತದೆ, ಹುಲಿ ಬಿಡುತ್ತದೆ. ಹಸು ಕರುವನ್ನು ತನ್ನ ಒಡನಾಡಿ ಹಸುಗಳಿಗೆ ಒಪ್ಪಿಸಿ ಹಿಂದಿರುಗುತ್ತದೆ. ಹುಲಿಯ ಮನಸ್ಸು ಒಡೆದು ಅದು ಪ್ರಾಣ ಬಿಡುತ್ತದೆ. ಕನ್ನಡ ಬಲ್ಲ ಮನೆಯಲ್ಲಿ ಈ ಕತೆ ಗೊತ್ತಿಲ್ಲದ ಮಗುವಿರಲಾರದು. ಹಸು ಕರುವನ್ನು ಬಿಟ್ಟು ಹೊರಡುವ ಸಂದರ್ಭದಲ್ಲಿ ಅಳದ ದೊಡ್ಡವರೂ ಇರಲಾರರು.

ನಾವು ಯಾವಾಗಲೂ ಹಸು ಕೊಟ್ಟ ಮಾತಿನ ವಿಚಾರವನ್ನೇ ಆಡುತ್ತೇವೆ. ಆದರೆ ಮಾತು ಕೊಡಲು ಒಬ್ಬರು ಸಾಕು. ಮಾತು ನಿಲ್ಲಲು ಇಬ್ಬರು ಬೇಕು. ನಂಬುವವನಿಲ್ಲದೆ ಭಾಷೆಯಿಲ್ಲ. ಹಸಿದ ಹುಲಿ, ಉಗುರಿಗೆ ಸಿಕ್ಕಿದ ಆಹಾರವನ್ನು ಬರಿಯ ಮಾತಿನ ಮೇಲೆ ಬಿಟ್ಟುಕೊಟ್ಟಿತಲ್ಲ, ಅದು ಈ ಹಾಡಿನ ಮೊದಲ ಆಶ್ಚರ್ಯ. ಸಾಲ ಕೊಡುವ ಬ್ಯಾಂಕು ಕೂಡ ಇಬ್ಬರು ಜಾಮೀನುದಾರರನ್ನು ಕೇಳುತ್ತದೆ; ಅರ್ಬುದ ಒಬ್ಬರನ್ನೂ ಕೇಳಲಿಲ್ಲ. ಹಸು ಹಿಂದಿರುಗಿ ಬಂದದ್ದು ಎರಡನೆಯ ಆಶ್ಚರ್ಯ. ಮೊದಲನೆಯದನ್ನು ಮರೆತು ಎರಡನೆಯದನ್ನು ಹೊಗಳುವುದು ಅರ್ಧ ಹಾಡನ್ನು ಹಾಡಿದಂತೆ.

ಸಂಸ್ಕೃತ ಪುರಾಣಗಳಲ್ಲಿಯೂ ಇಂಥ ಕತೆಯುಂಟು. ಪದ್ಮಪುರಾಣದಲ್ಲಿ ಹಸುವಿನ ಹೆಸರು ನಂದಾ. ಅಲ್ಲಿಯ ಹುಲಿ ನಿಜವಾಗಿ ಹುಲಿಯಲ್ಲ, ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಯನ್ನು ಹೊಡೆದ ಪಾಪಕ್ಕೆ ಶಾಪ ಹೊತ್ತು ಹುಲಿಯಾದವನು. ನಂದೆಯ ಸತ್ಯದಿಂದ ಅವನ ಶಾಪ ಕಳೆಯುತ್ತದೆ. ಕತೆ ಚೆನ್ನಾಗಿದೆ. ಆದರೆ ಅದರಲ್ಲಿ ಒಂದು ಸುಲಭವಿದೆ. ಕರಗಿದ್ದು ರಾಜನ ಮನಸ್ಸು; ಹುಲಿತನವೆಂಬುದು ಮೇಲೆ ಹೊದ್ದ ತೊಗಲು ಮಾತ್ರ. ಕನ್ನಡದ ಹಾಡು ಕಟ್ಟಿದ ಆ ಹೆಸರಿಲ್ಲದ ಕವಿ ಈ ಸುಲಭವನ್ನು ಬೇಡವೆಂದ. ಅವನ ಅರ್ಬುದನಿಗೆ ಪೂರ್ವಜನ್ಮವಿಲ್ಲ, ಶಾಪವಿಲ್ಲ, ಒಳಗೆ ಅಡಗಿ ಕುಳಿತ ರಾಜನಿಲ್ಲ. ಅದು ಬರಿಯ ಹುಲಿ, ನಾಚಿದ್ದೂ ಹುಲಿಯೇ. ಪುರಾಣ ಹೇಳಲು ಅಳುಕಿದ್ದನ್ನು ಜನಪದ ಕವಿ ಅಳುಕದೆ ಹೇಳಿದ್ದಾನೆ.

ಇನ್ನು ಹುಲಿ ಏಕೆ ಸಾಯಬೇಕು? ಹಸುವನ್ನು ಬಿಟ್ಟು ಹೊರಟುಹೋಗಬಹುದಿತ್ತಲ್ಲ! ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೇ ಇದು. ದೊಡ್ಡವರು ‘ಪಾಪಕ್ಕೆ ಶಿಕ್ಷೆ’ ಎಂದು ಹೇಳಿ ಬಾಯಿ ಮುಚ್ಚಿಸುತ್ತಾರೆ. ಆದರೆ ಹುಲಿ ಮಾಡಿದ ಪಾಪವಾದರೂ ಏನು? ಹಸಿದದ್ದೆ? ನನಗೆ ಈಗ ತೋರುವ ಉತ್ತರ ಇದು: ಎದುರಿಗೆ ನಿಂತಿರುವುದು ಆಹಾರವೆಂದು ತಿಳಿದಿರುವವರೆಗೆ ಹುಲಿ ಹುಲಿಯಾಗಿ ಬದುಕಬಹುದು. ಆ ಹಸು ತನಗೆ ಅಕ್ಕನಾದ ಕ್ಷಣದಲ್ಲಿ ಅದಕ್ಕೆ ಬದುಕುವ ದಾರಿ ಮುಚ್ಚಿಹೋಯಿತು. ಇಂದು ಈ ಹಸುವನ್ನು ಬಿಟ್ಟರೆ ನಾಳೆ ಇನ್ನೊಂದು. ಅದಕ್ಕೂ ಒಂದು ಕರುವಿರುತ್ತದೆ. ಹುಲಿ ಹುಲ್ಲು ತಿನ್ನಲಾರದು. ಅದರ ಹಲ್ಲು, ಉಗುರು, ಹೊಟ್ಟೆ ಎಲ್ಲವೂ ಒಂದೇ ಕೆಲಸಕ್ಕಾಗಿ ಆದವು. ದೇಹಕ್ಕೆ ಒಂದು ಧರ್ಮ, ಮನಸ್ಸಿಗೆ ಇನ್ನೊಂದು ಧರ್ಮ ಆದಮೇಲೆ ಎರಡರ ನಡುವೆ ಅದು ನಿಲ್ಲುವುದೆಲ್ಲಿ? ಆದ್ದರಿಂದ ಅದರ ಸಾವು ಶಿಕ್ಷೆಯಲ್ಲ. ಸ್ವಭಾವಕ್ಕೆ ಮೀರಿದ ಒಂದು ತಿಳಿವಿಗೆ ಅದು ತೆತ್ತ ಬೆಲೆ.

ಈ ಹಾಡಿನ ಮೇಲೆ ಇತ್ತೀಚೆಗೆ ಒಂದು ಆಕ್ಷೇಪಣೆಯನ್ನು ಕೇಳುತ್ತಿದ್ದೇವೆ, ಅದನ್ನು ತಳ್ಳಿಹಾಕುವಂತಿಲ್ಲ. ಕೊಲ್ಲಲು ಕಾದಿರುವವನಿಗೂ ಕೊಟ್ಟ ಮಾತು ತಪ್ಪಬೇಡ ಎಂದು ದುರ್ಬಲರಿಗೆ ಬೋಧಿಸುವ ಹಾಡು ಇದು. ಸತ್ಯದ ಹೊಣೆ ಹಸುವಿಗೆ ಮಾತ್ರವೆ, ಹುಲಿಗಿಲ್ಲವೆ? ಎಂಬುದು ಆಕ್ಷೇಪಣೆ. ಇದರಲ್ಲಿ ನಿಜವಿದೆ. ಆದರೆ ದೋಷ ಹಾಡಿನದಲ್ಲ, ನಾವು ಪಾಠ ಹೇಳುವ ಕ್ರಮದ್ದು. ಹಾಡು ಹಸುವಿನ ಹಿಂತಿರುಗುವಿಕೆಯಲ್ಲಿ ನಿಲ್ಲುವುದಿಲ್ಲ. ಬಲಿಷ್ಠನ ನಾಚಿಕೆಯವರೆಗೆ ಹೋಗುತ್ತದೆ. ನಾವು ಮಕ್ಕಳಿಗೆ ಹಸುವಿನ ಪಾಠವನ್ನಷ್ಟೇ ಹೇಳಿ ಪುಸ್ತಕ ಮುಚ್ಚುತ್ತೇವೆ. ಮಾತಿಗೆ ತಪ್ಪದ ಹಸುವಾಗು ಎನ್ನುತ್ತೇವೆ. ಬಲ ನಿನ್ನ ಕಡೆ ಇದ್ದಾಗ ನಂಬುವ ಹುಲಿಯಾಗು, ತಪ್ಪು ಕಂಡಾಗ ನಾಚುವ ಹುಲಿಯಾಗು ಎಂದು ಯಾರಿಗಾದರೂ ಹೇಳಿದ್ದೇವೆಯೆ? ನಾನಂತೂ ಹೇಳಿಲ್ಲ. ಹುಲಿಯ ಮೇಲೆ ‘ಕ್ರೌರ್ಯ’ ಎಂಬ ಚೀಟಿ ಅಂಟಿಸಿದ್ದರಿಂದ ಹುಲಿಯ ಪಾಠವೇ ನಮಗೆ ಕಾಣದೆ ಹೋಯಿತು.

ಹುಲಿಗೆ ಇಲ್ಲದ ದಾರಿ ಮನುಷ್ಯನಿಗೆ ಉಂಟೆ? ಈ ಪ್ರಶ್ನೆಯನ್ನು ಹಿಡಿದು ಜನ್ನನ ‘ಯಶೋಧರ ಚರಿತೆ’ಗೆ ಹೋಗಬೇಕು. 1209ರಲ್ಲಿ ಮುಗಿದ ಈ ಕಾವ್ಯದಲ್ಲಿ ಮೃಗಗಳು ತುಂಬಿವೆ. ಆದರೆ ಅದರ ಮುಖ್ಯ ಪ್ರಾಣಿ ಪ್ರಾಣವೇ ಇಲ್ಲದ್ದು — ಒಂದು ಹಿಟ್ಟಿನ ಕೋಳಿ.

ರಾಣಿ ಅಮೃತಮತಿ ಕುರೂಪಿಯಾದ ಮಾವಟಿಗನಿಗೆ ಒಲಿದದ್ದನ್ನು ಯಶೋಧರ ಕಣ್ಣಾರೆ ಕಾಣುತ್ತಾನೆ. ಕಂಡದ್ದನ್ನು ತಾಯಿಗೆ ನೇರವಾಗಿ ಹೇಳಲಾರದೆ ಕೆಟ್ಟ ಕನಸೆಂದು ಮರೆಸಿ ಹೇಳುತ್ತಾನೆ. ದೋಷಪರಿಹಾರಕ್ಕೆ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಅವನು ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿಗೆ ಬರುತ್ತಾರೆ: ಹಿಟ್ಟಿನಿಂದ ಕೋಳಿ ಮಾಡಿ ಅದನ್ನು ಕಡಿಯುವುದು. ಕತ್ತಿ ತಾಗಿದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಸಂಕೇತದ ವಿಷಯದಲ್ಲಿ ಕನ್ನಡದಲ್ಲಿ ಇದಕ್ಕಿಂತ ಭಯಂಕರವಾದ ಸನ್ನಿವೇಶವನ್ನು ನಾನು ಕಾಣೆ. ಯಶೋಧರ ಸಂಕೇತದ ಮರೆಯಲ್ಲಿ ಅಡಗಿಕೊಳ್ಳಬಯಸಿದ. ಕೋಳಿಯಲ್ಲ, ಕೋಳಿಯ ಗುರುತು. ಕೊಲೆಯಲ್ಲ, ಕೊಲೆಯ ಗುರುತು. ಆದರೆ ಗುರುತಿಗೇ ದನಿ ಬಂದುಬಿಟ್ಟಿತು. ಕೈ ಕಡಿದದ್ದು ಹಿಟ್ಟನ್ನೇ ಆದರೂ ಮನಸ್ಸು ಕಡಿದದ್ದು ಕೋಳಿಯನ್ನು. ಸಂಕಲ್ಪದಲ್ಲಿ ನಡೆದ ಹಿಂಸೆಯೂ ಹಿಂಸೆಯೇ ಎಂಬ ಜೈನ ತತ್ತ್ವವನ್ನು ಜನ್ನ ವಾದಿಸಿ ಸ್ಥಾಪಿಸುವುದಿಲ್ಲ. ಒಂದು ಕೂಗಿನಲ್ಲಿ ಕೇಳಿಸಿಬಿಡುತ್ತಾನೆ.

ಮುಂದೆ ಅಮೃತಮತಿ ಗಂಡನನ್ನೂ ಅತ್ತೆಯನ್ನೂ ವಿಷವಿಕ್ಕಿ ಕೊಲ್ಲುತ್ತಾಳೆ. ತಾಯಿ ಮಗ ಇಬ್ಬರೂ ಮೃಗಜನ್ಮಗಳಲ್ಲಿ ತೊಳಲುತ್ತಾರೆ. ಮಗ ನವಿಲು, ತಾಯಿ ನಾಯಿ. ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಮೀನು, ಮೊಸಳೆ, ಆಡು, ಕೋಣ, ಕೋಳಿ ಹೀಗೆ ಸರಣಿ ಬೆಳೆಯುತ್ತದೆ. ತಂದೆಗೆ ಸದ್ಗತಿಯಾಗಲೆಂದು ಮಗ ಮಾಡಿಸುವ ಶ್ರಾದ್ಧದಲ್ಲಿ ಮೃಗರೂಪದ ತಂದೆಯೇ ಅಡುಗೆಯಾಗುವ ವ್ಯಂಗ್ಯವನ್ನು ಓದಿ ಯಾರ ಮೈ ಜುಂಮೆನ್ನುವುದಿಲ್ಲ? ಮೃಗಜನ್ಮವೆಂದರೆ ನೀಚಜನ್ಮ, ಅದು ಪಾಪದ ಫಲ ಎಂಬ ಭಾವನೆ ಇಲ್ಲಿ ಇದೆಯೆಂದು ಆಕ್ಷೇಪಿಸಬಹುದು, ಇದೆ. ಆದರೆ ಕಾವ್ಯ ಮಾಡುವ ಕೆಲಸ ಅದಕ್ಕಿಂತ ದೊಡ್ಡದು. ಕತ್ತಿಯ ಹಿಡಿಯ ಕಡೆ ಇದ್ದವನನ್ನು ಅದು ಅಲಗಿನ ಕಡೆಗೆ ತಂದು ನಿಲ್ಲಿಸುತ್ತದೆ. ಕುರಿಯ ಕತ್ತಿನಲ್ಲಿ ನಡುಗುವ ಜೀವ ಎಂಥದೆಂದು ಅವನು ಹೊರಗಿನಿಂದ ನೋಡುವುದಿಲ್ಲ, ಒಳಗಿನಿಂದ ಅನುಭವಿಸುತ್ತಾನೆ. ಇಲ್ಲಿ ಮೃಗ ಮನುಷ್ಯನ ಸಂಕೇತವಲ್ಲ. ಮನುಷ್ಯ ಇಲ್ಲಿ ಮೃಗವೇ ಆಗಿಬಿಟ್ಟಿದ್ದಾನೆ. ಸಂಕೇತಕ್ಕೂ ವಸ್ತುವಿಗೂ ನಡುವೆ ಇದ್ದ ಸುರಕ್ಷಿತವಾದ ಅಂತರವನ್ನು ಜನ್ನ ಅಳಿಸಿಹಾಕಿದ್ದಾನೆ.

ಈ ಕತೆಯನ್ನೆಲ್ಲ ಹೇಳುವವನು ಬಲಿಗಾಗಿ ಹಿಡಿದು ತಂದ ಬಾಲಕ ಅಭಯರುಚಿ. ಪಕ್ಕದಲ್ಲಿ ತಂಗಿ ಅಭಯಮತಿ. ಕೇಳುವವನು ಚಂಡಮಾರಿಯ ಗುಡಿಯಲ್ಲಿ ಬಲಿಗೆ ಸಿದ್ಧನಾಗಿ ನಿಂತ ರಾಜ ಮಾರಿದತ್ತ. ಕತೆ ಮುಗಿಯುವ ವೇಳೆಗೆ ರಾಜ ಬಲಿಯನ್ನು ಕೈಬಿಡುತ್ತಾನೆ. ಅರ್ಬುದನಿಗೂ ಮಾರಿದತ್ತನಿಗೂ ಇರುವ ಸಾಮ್ಯವನ್ನೂ ಭೇದವನ್ನೂ ನೋಡಬೇಕು. ಬಲ ಇದ್ದದ್ದು ಇಬ್ಬರ ಕಡೆಗೇ. ಇಬ್ಬರೂ ಎದುರಿಗೆ ನಿಂತ ಬಲಿಪಶುವಿನ ಮಾತನ್ನು ಕೇಳಿದರು. ಇಬ್ಬರ ಮನಸ್ಸೂ ಒಡೆಯಿತು. ಹುಲಿ ಸತ್ತಿತು, ಏಕೆಂದರೆ ಅದಕ್ಕೆ ಉಗುರನ್ನು ಕಳಚಿಡಲು ಬರುವುದಿಲ್ಲ. ರಾಜ ಬದುಕಿದ, ಏಕೆಂದರೆ ಕತ್ತಿ ಅವನ ಮೈಯಲ್ಲಿ ಬೆಳೆದದ್ದಲ್ಲ, ಕೈಯಲ್ಲಿ ಹಿಡಿದದ್ದು. ಕೆಳಗಿಡಬಹುದು.

ಮನುಷ್ಯಸ್ವಭಾವವೆಂದು ನಾವು ಕರೆಯುವುದರ ತಿರುಳು ಇಷ್ಟೇ ಇರಬಹುದೆ? ನಮ್ಮ ಕ್ರೌರ್ಯ ನಮ್ಮ ಮೈಯ ಹಲ್ಲಲ್ಲ, ಉಗುರಲ್ಲ, ಎತ್ತಿಕೊಂಡ ಆಯುಧ. ಆದ್ದರಿಂದಲೇ ‘ಮೃಗೀಯ’ ಎಂಬ ಮಾತು ಸುಳ್ಳು. ಮೃಗಕ್ಕೆ ಬೇರೆ ದಾರಿಯಿಲ್ಲ, ನಮಗೆ ಇದೆ. ಇದ್ದೂ ಹಿಡಿಯದವನನ್ನು ಮೃಗವೆಂದರೆ ಅವನ ಹೊಣೆಯನ್ನು ಇಳಿಸಿದಂತಾಯಿತು. ಯಶೋಧರ ಹಿಟ್ಟಿನಲ್ಲಿ ಕೋಳಿ ಮಾಡಿದ; ನಾವು ಮಾತಿನಲ್ಲಿ ಹುಲಿ ಮಾಡಿ ನಮ್ಮ ಪಾಪವನ್ನು ಅದರ ಕೊರಳಿಗೆ ಕಟ್ಟಿದ್ದೇವೆ. ಅದೂ ಎಂದಾದರೊಂದು ದಿನ ಕೂಗದೆ ಇರದು. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕತೆಯಿಂದ ‘ಹಿಟ್ಟಿನ ಹುಂಜ’ ನಾಟಕವನ್ನು ಮಾಡಿದ್ದನ್ನು ನೋಡಿದರೆ, ಆ ಕೂಗು ಎಂಟು ಶತಮಾನವಾಗುತ್ತ ಬಂದಿದ್ದರೂ ಅಡಗಿರಲಿಲ್ಲವೆಂದು ತಿಳಿಯುತ್ತದೆ.

ಹೊಸ ಸಾಹಿತ್ಯದಿಂದ ಎರಡೇ ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಗೆ ಒಂದು ನಾಯಿಯಿದೆ. ಅದರ ಹೆಸರು ಹುಲಿಯ. ಆ ನಾಯಿಯ ದೆಸೆಯಿಂದ ಅವನಿಗೆ ನಾಯಿಗುತ್ತಿ ಎಂದು ಹೆಸರು. ನಾಯಿಗೆ ಹುಲಿಯ ಹೆಸರು, ಮನುಷ್ಯನಿಗೆ ನಾಯಿಯ ಹೆಸರು! ಕೀಳುಜಾತಿಯವನೆಂದು ಊರು ದೂರವಿಟ್ಟ ಮನುಷ್ಯನಿಗೆ ನಾಯಿಯ ಹೆಸರು ಅಂಟಿಸುವುದು ಆ ಸಮಾಜಕ್ಕೆ ಎಷ್ಟು ಸಲೀಸಾಗಿತ್ತೆಂಬುದನ್ನು ಕಾದಂಬರಿಕಾರರು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗುತ್ತಿ ಆ ಹೆಸರಿನಿಂದ ಕುಗ್ಗುವುದಿಲ್ಲ. ಅವನಿಗೆ ಅದು ಬೈಗುಳವಲ್ಲ, ನೆಂಟಸ್ತಿಕೆ. ಹುಲಿಯ ‘ನಿಷ್ಠೆಯ ಸಂಕೇತ’ ಎಂದು ಟಿಪ್ಪಣಿ ಬರೆಸುವ ಆಸೆ ನಮ್ಮಂಥವರಿಗೆ ಆಗಬಹುದು. ಅದು ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುವಾಗ ನಮಗೆ ನಿಷ್ಠೆ ಮುಳುಗಿದಂತೆ ತೋರುವುದಿಲ್ಲ. ನಮಗೆ ಗುರುತಿದ್ದ ಒಂದು ನಾಯಿ ಮುಳುಗಿದಂತೆ ತೋರುತ್ತದೆ. ಆ ದುಃಖಕ್ಕೆ ಬೇರೆ ಅರ್ಥವನ್ನು ಹುಡುಕದೆ ಇರುವುದೇ ಓದುಗನ ಸಂಸ್ಕಾರ.

ಎರಡನೆಯದು ತೇಜಸ್ವಿಯವರ ‘ಕರ್ವಾಲೊ’ (1980). ವಿಜ್ಞಾನಿಯೊಬ್ಬನ ಹಿಂದೆ ಒಂದು ತಂಡವೇ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತದೆ. ಅದು ಕಣ್ಣಿಗೆ ಬೀಳುತ್ತದೆ. ಕೈಗೆ ಸಿಕ್ಕದೆ ಕಣಿವೆಯತ್ತ ತೇಲಿಹೋಗುತ್ತದೆ. ಇದು ಕಾಲದ ಸಂಕೇತವೆ, ಸತ್ಯದ ಸಂಕೇತವೆ ಎಂದು ವಿಮರ್ಶಕರು ಎಷ್ಟೋ ಚರ್ಚಿಸಿದ್ದಾರೆ. ಓತಿ ಮಾತ್ರ ಯಾರ ಚೀಟಿಗೂ ಬೆನ್ನು ಕೊಡದೆ ಹೋಯಿತು. ತಿಳಿಯುವುದಕ್ಕೂ ಹಿಡಿಯುವುದಕ್ಕೂ ಭೇದವುಂಟೆಂದು ಕಂಡುಕೊಳ್ಳಬೇಕಾದ ಸರದಿ ಕೈ ಬರಿದಾಗಿ ನಿಂತ ಮನುಷ್ಯರದು.

ಈಗ ನನ್ನ ವಿದ್ಯಾರ್ಥಿನಿಯ ಹಾಳೆಗೆ ಬರುತ್ತೇನೆ. ಮರುವಾರ ತರಗತಿಗೆ ಹೋಗಿ, ನಾನು ಬರೆಸಿದ್ದ ಟಿಪ್ಪಣಿಯ ಆ ಭಾಗವನ್ನು ಹೊಡೆದುಹಾಕಿ ಎಂದು ಎಲ್ಲರಿಗೂ ಹೇಳಿದೆ. ಹಿಂದಿನ ಬೆಂಚಿನಲ್ಲಿ ಗುಜುಗುಜು ಎದ್ದಿತು. ಕಲಿತ ಉತ್ತರ ಕಳೆದುಹೋಯಿತೆಂಬ ಸಂಕಟ ಅವರಿಗೆ. ಆ ಹುಡುಗಿಯ ಪತ್ರಿಕೆಯಲ್ಲಿ ನಾನು ಗೀಚಿದ್ದನ್ನು ತಿದ್ದಿ, ಐದು ಅಂಕ ಹಾಕಿ, ಅವಳ ಕೈಗೆ ಕೊಟ್ಟು, ‘ತಪ್ಪು ನನ್ನದಮ್ಮ’ ಎಂದೆ. ಅವಳು ಸಂತೋಷಪಟ್ಟಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ‘ಸಾರ್, ಯೂನಿವರ್ಸಿಟಿ ಪರೀಕ್ಷೇಲೂ ಹೀಗೇ ಬರೀಬಹುದಾ?’ ಎಂದು ಕೇಳಿದಳು.

ಬೇರೆ ಯಾರೋ ತಿದ್ದುವ ಪತ್ರಿಕೆ ಅದು. ಅವರ ಕೈಯಲ್ಲಿಯೂ ಒಂದು ಟಿಪ್ಪಣಿ ಇದ್ದೇ ಇರುತ್ತದೆ. ಅದರಲ್ಲಿ ಹುಲಿಯ ಮುಂದೆ ಏನು ಬರೆದಿರುತ್ತದೆಂಬುದು ನನಗೆ ಗೊತ್ತು. ಬರೆಯಬೇಡ ಎಂದರೆ ನಾನು ಇಲ್ಲಿ ಹೇಳಿದ್ದೆಲ್ಲ ಹಿಟ್ಟಿನ ಕೋಳಿಯಾಗುತ್ತದೆ. ಬರೆ ಎಂದರೆ ಅಂಕ ಕಳೆದುಕೊಳ್ಳುವವಳು ಅವಳು, ನಾನಲ್ಲ. ‘ಟಿಪ್ಪಣಿಯಲ್ಲಿದ್ದದ್ದನ್ನೂ ಬರಿ, ಅದು ಏಕೆ ಸಾಲದು ಅನ್ನೋದನ್ನೂ ಬರಿ’ ಎಂದೆ. ಜಾಣ ಉತ್ತರವೇ. ಹೇಳಿ ಮುಗಿಸುವಷ್ಟರಲ್ಲಿ ನನಗೆ ಸ್ವಲ್ಪ ನಾಚಿಕೆಯಾಯಿತು.